ಅಪ್ಪ ನಿದ್ದೆಯಲ್ಲಿ ಕೂಗಿ ಕೈ ಬೀಸುವುದು ಬರೀ ಕೆಟ್ಟ ಕನಸೇ?

ನಿಮ್ಮ 68 ವರ್ಷದ ತಂದೆಯವರು ಬೆಳಗಿನ ಜಾವ ಜಗಳವಾಡುವಂತೆ ಕೂಗಿ ಕೈಕಾಲು ಬೀಸುತ್ತಾರೆ, ತಾಯಿಯವರಿಗೆ ಒಮ್ಮೆ ಪೆಟ್ಟೂ ಬಿದ್ದಿದೆ, ಎಬ್ಬಿಸಿದ ಕೂಡಲೇ ‘ನಾಯಿ ಅಟ್ಟಿಸಿಕೊಂಡು ಬಂತು’ ಎಂದು ಕನಸನ್ನು ಸ್ಪಷ್ಟವಾಗಿ ಹೇಳುತ್ತಾರೆ ಎಂದು ಬರೆದಿದ್ದೀರಿ. ಗಾಳಿ ಸೋಕಿದೆಯೆಂದು ಮನೆಯವರು ತಾಯತ ಕಟ್ಟಿಸಿದ್ದಾರೆ ಎಂದೂ ತಿಳಿಸಿದ್ದೀರಿ. ನರರೋಗಗಳನ್ನು ನೋಡುವ ವೈದ್ಯನಾಗಿ ಹೇಳುವುದಾದರೆ, ತಾಯತ ಇದ್ದರೆ ಇರಲಿ, ಪರೀಕ್ಷೆಯನ್ನು ಮಾತ್ರ ಮುಂದೂಡಬೇಡಿ. ಈ ವಿವರಗಳು ರೆಮ್ ಸ್ಲೀಪ್ ಬಿಹೇವಿಯರ್ ಡಿಸಾರ್ಡರ್ ಎಂಬ ತೊಂದರೆಯನ್ನು ಬಹುಮಟ್ಟಿಗೆ ಹೋಲುತ್ತವೆ.

ಕಣ್ಣಾಲಿಗಳು ರೆಪ್ಪೆಯೊಳಗೆ ವೇಗವಾಗಿ ಹೊರಳುವ ರೆಮ್ ನಿದ್ದೆಯಲ್ಲಿ ನಮಗೆ ಗಾಢವಾದ ಕನಸುಗಳು ಬೀಳುತ್ತವೆ. ಆ ಹೊತ್ತಿನಲ್ಲಿ ಮಿದುಳಿನ ಕಾಂಡಭಾಗವು ಕೈಕಾಲುಗಳ ಸ್ನಾಯುಗಳನ್ನು ಪೂರ್ತಿ ಸಡಿಲಗೊಳಿಸಿರುವುದರಿಂದ, ಕನಸಿನಲ್ಲಿ ಎಷ್ಟು ಓಡಿದರೂ ದೇಹ ಅಲುಗಾಡುವುದಿಲ್ಲ. ಈ ತಡೆ ಸಡಿಲಾದವರು ಕಂಡದ್ದನ್ನೆಲ್ಲ ಮಾಡಿಯೇ ಬಿಡುತ್ತಾರೆ. 1986ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಷೆಂಕ್ ಮತ್ತು ಮಹೊವಾಲ್ಡ್ ಎಂಬ ವೈದ್ಯರು ಇದನ್ನು ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದರು. 50 ದಾಟಿದ ಗಂಡಸರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಹಗಲಿನಲ್ಲಿ ಒಂದು ಗಟ್ಟಿ ಮಾತನ್ನೂ ಆಡದವರು ರಾತ್ರಿ ಹೀಗೆ ಹೊಡೆದಾಡುವುದುಂಟು, ಆದ್ದರಿಂದ ತಂದೆಯವರ ಸ್ವಭಾವವನ್ನು ಯಾರೂ ಶಂಕಿಸಬೇಕಾಗಿಲ್ಲ.

ಹೊತ್ತು ಒಂದು ಮುಖ್ಯ ಸುಳಿವು. ರೆಮ್ ನಿದ್ದೆ ರಾತ್ರಿಯ ಕೊನೆಯ ಭಾಗದಲ್ಲಿ ಹೆಚ್ಚು. ಮಲಗಿದ ಒಂದೆರಡು ಗಂಟೆಯಲ್ಲೇ ಎದ್ದು ಓಡಾಡಿ, ಏನೂ ನೆನಪಿಲ್ಲ ಎನ್ನುವುದು ನಿದ್ದೆನಡಿಗೆಯ ಲಕ್ಷಣ. ಎಚ್ಚರವಾದ ಮೇಲೂ ಜಾಗ, ಜನ ಗುರುತು ಸಿಗದೆ ಗೊಂದಲ ಮುಂದುವರಿದರೆ ಮೂತ್ರದ ಸೋಂಕಿನಿಂದ ಹಿಡಿದು ಮರೆಗುಳಿತನದವರೆಗೆ ಬೇರೆ ಕಾರಣಗಳನ್ನು ಹುಡುಕಬೇಕಾಗುತ್ತದೆ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುವ ಸ್ಲೀಪ್ ಅಪ್ನಿಯಾ ಕೂಡ ಇದೇ ರೀತಿ ಕಾಣಿಸಬಲ್ಲದು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಈ ತೊಂದರೆಯನ್ನು ಕೆರಳಿಸುತ್ತವೆ. ಬಿಪಿಗೆ ಕೊಡುವ ಪ್ರೊಪ್ರನೊಲಾಲ್‌ನಂಥವು ಕೆಟ್ಟ ಕನಸುಗಳನ್ನು ಹೆಚ್ಚಿಸುವುದುಂಟು. ಹಾಗೆಂದು ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ, ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ತೋರಿಸಿ.

ನರರೋಗ ತಜ್ಞರ ಬಳಿಗೆ ಹೋಗುವಾಗ ತಾಯಿಯವರನ್ನೂ ಕರೆದೊಯ್ಯಲೇಬೇಕು, ಏಕೆಂದರೆ ರಾತ್ರಿ ನಡೆದದ್ದನ್ನು ಕಣ್ಣಾರೆ ಕಂಡವರು ಅವರೊಬ್ಬರೇ. ಮೊಬೈಲಿನಲ್ಲಿ ತೆಗೆದ ಚಿಕ್ಕ ವಿಡಿಯೋ ಇದ್ದರೆ ಇನ್ನೂ ಅನುಕೂಲ. ಖಚಿತಪಡಿಸಲು ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ಮಿದುಳಿನ ಅಲೆ, ಉಸಿರಾಟ ಮತ್ತು ಸ್ನಾಯುಗಳ ಚಲನೆಯನ್ನು ದಾಖಲಿಸುವ ಸ್ಲೀಪ್ ಸ್ಟಡಿ ಮಾಡಬೇಕಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯವಿದೆ.

ಅಂತರ್ಜಾಲದಲ್ಲಿ ಹುಡುಕಿದರೆ ಕೈ ನಡುಗಿಸಿ ಚಲನೆಯನ್ನು ನಿಧಾನಗೊಳಿಸುವ ಪಾರ್ಕಿನ್ಸನ್ ಎಂಬ ನರರೋಗದ ಹೆಸರು ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ, ಆದ್ದರಿಂದ ಅದನ್ನೂ ಹೇಳುತ್ತೇನೆ. 2019ರಲ್ಲಿ ಪ್ರಕಟವಾದ, ಈ ನಿದ್ದೆಯ ತೊಂದರೆಯಿದ್ದ, ಹಲವು ದೇಶಗಳ 1280 ರೋಗಿಗಳ ಅಧ್ಯಯನದಲ್ಲಿ ವರ್ಷಕ್ಕೆ ಸುಮಾರು ಶೇ. 6ರಷ್ಟು ಮಂದಿಗೆ ಪಾರ್ಕಿನ್ಸನ್ ಅಥವಾ ಅದಕ್ಕೆ ಸಂಬಂಧಿಸಿದ ಮರೆಗುಳಿತನದಂಥ ಕಾಯಿಲೆ ಕಾಣಿಸಿಕೊಂಡಿತು. ಇದು ಸಣ್ಣ ಸಂಗತಿಯಲ್ಲ, ಆದರೆ ಎಷ್ಟೋ ಮಂದಿ ಹಲವು ವರ್ಷ ಏನೂ ಆಗದೆ ಇರುತ್ತಾರೆ. ವಾಸನೆ ತಿಳಿಯದಿರುವುದು, ಮಲಬದ್ಧತೆ, ನಡಿಗೆ ನಿಧಾನವಾಗುವುದು ಇವುಗಳಿದ್ದರೆ ಮರೆಯದೆ ತಿಳಿಸಿ.

ಪರೀಕ್ಷೆಯ ದಿನದವರೆಗೆ ಕಾಯದೆ ಇಂದಿನಿಂದಲೇ ತಾಯಿಯವರು ಬೇರೆ ಹಾಸಿಗೆಯಲ್ಲಿ ಮಲಗಲಿ. ತಂದೆಯವರ ಹಾಸಿಗೆ ನೆಲಕ್ಕೆ ಹತ್ತಿರವಿರಲಿ, ಪಕ್ಕದ ಗಾಜಿನ ಲೋಟ, ಚೂಪು ಮೂಲೆಯ ಮೇಜು ತೆಗೆಯಿರಿ. ಕೂಗಿದಾಗ ಹಿಡಿದು ಅಲುಗಾಡಿಸದೆ ದೂರದಿಂದಲೇ ಕರೆದು ಎಬ್ಬಿಸಿ. ಮೆಲಟೋನಿನ್ ಅಥವಾ ಅತಿ ಕಡಿಮೆ ಪ್ರಮಾಣದ ಕ್ಲೊನಜೆಪಾಮ್ ಎಂಬ ಮಾತ್ರೆ ಹಲವರಿಗೆ ಗುಣ ಕೊಡುತ್ತದೆ. ಆದರೆ ಎರಡನೆಯದರಿಂದ ವಯಸ್ಸಾದವರು ತೂಕಡಿಸಿ ಬೀಳುವ, ಅಪ್ನಿಯಾ ಇದ್ದರೆ ಅದು ಉಲ್ಬಣಿಸುವ ಅಪಾಯವಿರುವುದರಿಂದ ಅಂಗಡಿಯಿಂದ ಕೇಳಿ ತಂದು ಕೊಡಬೇಡಿ.