ಓದುಗರ ಪ್ರಶ್ನೆ: ಇಂಕ್‌ಜೆಟ್ಟೋ, ಲೇಸರ್ರೋ?

ಪ್ರಶ್ನೆ: ನಾನು ಮನೆಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ. ಪರೀಕ್ಷೆ ಹತ್ತಿರವಾದಾಗ ನೂರಾರು ಪುಟಗಳ ಪ್ರಶ್ನೆಪತ್ರಿಕೆಗಳನ್ನು ಮುದ್ರಿಸಬೇಕು. ಬೇಸಿಗೆ ರಜೆಯ ಎರಡು ತಿಂಗಳು ಪ್ರಿಂಟರನ್ನು ಮುಟ್ಟುವುದೇ ಇಲ್ಲ. ನನ್ನ ಇಂಕ್‌ಜೆಟ್ ಪ್ರತಿ ಜೂನ್‌ನಲ್ಲಿಯೂ ಅಕ್ಷರಗಳ ನಡುವೆ ಬಿಳಿ ಗೆರೆ ಮೂಡಿಸುತ್ತದೆ. ಲೇಸರ್ ಕೊಳ್ಳಬೇಕೆ ಅಥವಾ ಇಂಕ್ ಟ್ಯಾಂಕ್ ಸಾಕೆ?
– ಓದುಗರು, ಶಿರಸಿ

ಉತ್ತರ: ಪ್ರಿಂಟರ್ ಆರಿಸುವವರು ಸಾಮಾನ್ಯವಾಗಿ ತಿಂಗಳಿಗೆ ಎಷ್ಟು ಪುಟ ಎಂದು ಲೆಕ್ಕ ಹಾಕುತ್ತಾರೆ. ಅದು ಎಷ್ಟು ದಿನ ಸುಮ್ಮನೆ ಕೂರುತ್ತದೆ ಎಂಬುದನ್ನು ಮೊದಲು ನೋಡಬೇಕೆಂಬುದು ನನ್ನ ಅಭಿಪ್ರಾಯ. ನಿಮ್ಮ ತೊಂದರೆಯ ಮೂಲವೂ ಅಲ್ಲಿಯೇ ಇದೆ.

ಇಂಕ್‌ಜೆಟ್ಟಿನ ಹೆಡ್‌ನಲ್ಲಿ ಕೂದಲೆಳೆಗಿಂತ ಸಣ್ಣದಾದ ನೂರಾರು ರಂಧ್ರಗಳಿದ್ದು, ಅವುಗಳಿಂದ ದ್ರವರೂಪದ ಶಾಯಿ ಹನಿಹನಿಯಾಗಿ ಕಾಗದದ ಮೇಲೆ ಚಿಮ್ಮುತ್ತದೆ. ವಾರಗಟ್ಟಲೆ ಬಳಸದಿದ್ದರೆ ಆ ರಂಧ್ರಗಳ ಬಾಯಲ್ಲೇ ಶಾಯಿ ಒಣಗಿ ಗಟ್ಟಿಯಾಗುತ್ತದೆ, ನೀವು ಕಾಣುವ ಬಿಳಿ ಗೆರೆಗೆ ಅದೇ ಕಾರಣ. ಹೆಡ್ ಕ್ಲೀನಿಂಗ್ ಮಾಡಿದರೆ ಬಹುತೇಕ ಸರಿಹೋಗುತ್ತದೆಯಾದರೂ ಪ್ರತಿ ಸಲವೂ ಒಂದಿಷ್ಟು ಶಾಯಿ ಯಂತ್ರದೊಳಗಿನ ಪ್ಯಾಡ್‌ಗೆ ಹರಿದು ವ್ಯರ್ಥವಾಗುತ್ತದೆ. ಇಂಕ್ ಟ್ಯಾಂಕ್ ಪ್ರಿಂಟರಿನಲ್ಲಿ ಬಾಟಲಿಯ ಶಾಯಿ ಅಗ್ಗವಾದ್ದರಿಂದ ಪುಟದ ಖರ್ಚು ಬಹಳ ಇಳಿಯುತ್ತದೆ, ಆದರೆ ಹೆಡ್ ಅದೇ ಬಗೆಯದು, ಒಣಗುವ ಗುಣವೂ ಅದೇ.

ಲೇಸರಿನಲ್ಲಿ ದ್ರವವೇ ಇಲ್ಲ. ಟೋನರ್ ಎಂಬುದು ಪ್ಲಾಸ್ಟಿಕ್ ಬೆರೆತ ನುಣುಪಾದ ಪುಡಿ. ಅದನ್ನು ವಿದ್ಯುದಾವೇಶದಿಂದ ಕಾಗದಕ್ಕೆ ಅಂಟಿಸಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುವ ಫ್ಯೂಸರ್ ಅದನ್ನು ಕರಗಿಸಿ ಕೂರಿಸುತ್ತದೆ. ಎರಡು ತಿಂಗಳ ನಂತರ ಆನ್ ಮಾಡಿದರೂ ಮೊದಲ ಪುಟವೇ ಸ್ವಚ್ಛವಾಗಿ ಬರುತ್ತದೆ, ಮಳೆಹನಿ ಬಿದ್ದರೂ ಅಕ್ಷರ ಹರಡುವುದಿಲ್ಲ. ಆದ್ದರಿಂದ ನಿಮಗೆ ಎರಡೂ ಬದಿ ತಾನಾಗಿ ಮುದ್ರಿಸುವ ಕಪ್ಪು-ಬಿಳುಪು ಲೇಸರ್ ಸೂಕ್ತ. ಕೊಳ್ಳುವ ಮುನ್ನ ಟೋನರಿನ ಬೆಲೆಯನ್ನೂ ಕೇಳಿರಿ, ಏಕೆಂದರೆ ಪೆಟ್ಟಿಗೆಯೊಂದಿಗೆ ಬರುವ ಮೊದಲ ಕಾರ್ಟ್ರಿಜ್‌ನಲ್ಲಿ ಅನೇಕ ಸಲ ಪುಡಿ ಕಡಿಮೆ ಇರುತ್ತದೆ.

ಮಲೆನಾಡಿನವರಿಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ಮಳೆಗಾಲದಲ್ಲಿ ಕಾಗದ ತೇವ ಹೀರುತ್ತದೆ. ಅಂಥ ಕಾಗದ ಫ್ಯೂಸರಿನ ಬಿಸಿಗೆ ಸುರುಳಿಯಾಗಿ ಸಿಕ್ಕಿಕೊಳ್ಳುತ್ತದೆ. ತೆರೆದ ಬಂಡಲನ್ನು ಗಾಳಿಯಾಡದ ಡಬ್ಬದಲ್ಲಿಟ್ಟು, ಬೇಕಾದಷ್ಟನ್ನೇ ಟ್ರೇಗೆ ಹಾಕಿರಿ.

ಮಕ್ಕಳ ಬಣ್ಣದ ಚಿತ್ರಪಟಗಳೂ ಫೋಟೊಗಳೂ ನಿಮಗೆ ಮುಖ್ಯವಾಗಿದ್ದರೆ ಮಾತ್ರ ಇಂಕ್ ಟ್ಯಾಂಕ್ ಕೊಳ್ಳಿರಿ, ಮತ್ತು ರಜೆಯಲ್ಲಿಯೂ ವಾರಕ್ಕೊಮ್ಮೆ ಒಂದು ಬಣ್ಣದ ಪುಟ ಮುದ್ರಿಸುವ ರೂಢಿ ಇಟ್ಟುಕೊಳ್ಳಿರಿ.

ಪ್ರಶ್ನೆ: ಕಚೇರಿಯ ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ ಯುಪಿಎಸ್‌ಗೆ ಜೋಡಿಸಬಹುದೆ?
– ಓದುಗರು, ಗದಗ

ಉತ್ತರ: ಬೇಡ. ಫ್ಯೂಸರ್ ಬಿಸಿಯಾಗುವ ಕ್ಷಣಗಳಲ್ಲಿ ಅದು ನೂರಾರು ವಾಟ್ ಎಳೆಯುವುದರಿಂದ ಸಣ್ಣ ಯುಪಿಎಸ್ ತಾಳದೆ ನಿಂತುಹೋಗಿ, ಕಂಪ್ಯೂಟರಿನಲ್ಲಿ ಉಳಿಸದ ಕೆಲಸವೂ ಹೋಗಬಹುದು. ಪ್ರಿಂಟರನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಕೊಡಿರಿ. ವಿದ್ಯುತ್ ಇಲ್ಲದಾಗಲೂ ಮುದ್ರಣ ನಡೆಯಲೇಬೇಕಾದ ಕಚೇರಿಗೆ ಹತ್ತಿಪ್ಪತ್ತು ವಾಟ್‌ನಲ್ಲಿ ಕೆಲಸ ಮಾಡುವ ಇಂಕ್‌ಜೆಟ್ಟೇ ಅನುಕೂಲ.