ಆ ಮೂಳೆ ಯಾರದು ಅಂತ ಕೇಳಿದ ಅತ್ತೆಯವರಿಗೆ

ದಾವಣಗೆರೆಯಿಂದ ಒಬ್ಬ ಓದುಗರು ಬರೆದಿದಾರೆ. ಹೋದ ಸಂಚಿಕೇಲಿ ಮನುಷ್ಯರ ಮೂಳೆ, ಅಂಗಗಳನ್ನ ಇಟ್ಟಿರೋ ಲಂಡನ್ನಿನ ಹಂಟೇರಿಯನ್ ಮ್ಯೂಸಿಯಂ ಬಗ್ಗೆ ಬಂದ ಲೇಖನ ಓದಿ ಎರಡು ದಿನ ಅವರಿಗೆ ಊಟ ಸೇರ್ಲಿಲ್ವಂತೆ. ಮಗಳು ಈ ವರ್ಷ ಎಂಬಿಬಿಎಸ್ ಸೇರಿದಾಳೆ, ಸೀನಿಯರ್ ಒಬ್ಬರ ಹತ್ರ ಬೋನ್ ಸೆಟ್, ಅಂದ್ರೆ ಓದೋಕೆ ಅಂತ ನಿಜವಾದ ಮನುಷ್ಯರ ಮೂಳೆಗಳು, ಕೊಂಡು ಚೀಲದಲ್ಲಿ ಮನೆಗೆ ತಂದ್ಲು, ಅತ್ತೆಯವರು ನೋಡಿ "ಇದು ಯಾರದು?" ಅಂದ್ರು, ಮನೇಲಿ ಯಾರಿಗೂ ಉತ್ತರ ಗೊತ್ತಿರ್ಲಿಲ್ಲ. "ಸತ್ತವರನ್ನ ಬಾಟ್ಲೀಲಿಟ್ಟು ಜನಕ್ಕೆ ತೋರಿಸೋದನ್ನ ವಿಜ್ಞಾನ ಅಂತ ಹೊಗಳ್ತೀರಲ್ಲ, ಇಂಥ ಮ್ಯೂಸಿಯಂ ಎಲ್ಲಾ ಮುಚ್ಚಿ ಒಳಗಿರೋರನ್ನ ಮಣ್ಣು ಮಾಡ್ಬಾರ್ದಾ?" ಅನ್ನೋದು ಅವರ ಪ್ರಶ್ನೆ. ಮಗಳ ಆ ಚೀಲ ಏನು ಮಾಡ್ಬೇಕು ಅಂತಾನೂ ಕೊನೇಲಿ ಕೇಳಿದಾರೆ.

ಅಕ್ಕಾ, ನಿಮ್ಮ ಪತ್ರ ಬಂದು ಮೂರು ವಾರ ಆಯ್ತು. ಉತ್ತರ ತಡ ಆಗಿದ್ದು ನಿಮ್ಮ ಅತ್ತೆಯವರ ಆ ಎರಡು ಪದದಿಂದ. ಇದು ಯಾರದು. ನಮ್ಮ ಲೇಖನ ಮತ್ತೆ ತೆಗೆದು ಓದಿದೆ, ನಾಲ್ಕು ಪುಟದಲ್ಲಿ ಎಲ್ಲೂ ಆ ಪ್ರಶ್ನೆ ಇಲ್ಲ. ಎಷ್ಟು ಬಾಟ್ಲಿ, ಎಷ್ಟು ಹಳೇದು, ಹೇಗೆ ಕೆಡದಂಗೆ ಇಟ್ಟಿದಾರೆ ಎಲ್ಲಾ ಇದೆ, ಯಾರು ಅನ್ನೋದು ಮಾತ್ರ ಇಲ್ಲ. ಅದನ್ನ ಹಾಗೇ ಅಚ್ಚಿಗೆ ಕಳಿಸಿದ್ದು ನಾನು, ತಪ್ಪು ನಂದೇ. ಆದ್ರೆ ಮುಚ್ಚಬೇಕು ಅನ್ನೋ ನಿಮ್ಮ ಮಾತಿಗೆ ನಂಗೆ ಒಪ್ಪಿಗೆ ಇಲ್ಲ, ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ.

ಮೊದಲು ಆ ಲೇಖನದಲ್ಲಿ ಒಂದೇ ಸಾಲಲ್ಲಿ ಬಂದು ಹೋದ ಚಾರ್ಲ್ಸ್ ಬರ್ನ್ ಕಥೆ ಪೂರ್ತಿ ಹೇಳಲೇಬೇಕು. ಐರ್ಲೆಂಡಿನ ಹಳ್ಳಿ ಹುಡುಗ, ಎತ್ತರ ಸುಮಾರು 7 ಅಡಿ 7 ಇಂಚು. 1782ರಲ್ಲಿ ಲಂಡನ್ನಿಗೆ ಬಂದ, ಜನ ದುಡ್ಡು ಕೊಟ್ಟು ಅವನನ್ನ ನೋಡೋಕೆ ಬರ್ತಿದ್ರು, ಅದೇ ಅವನ ಜೀವನ. ವರ್ಷ ಕಳೆಯೋದ್ರಲ್ಲಿ ಕಾಯಿಲೆ, ಕುಡಿತ, ಕೂಡಿಟ್ಟ ದುಡ್ಡೂ ಕಳವು. 1783ರ ಜೂನಲ್ಲಿ ತೀರಿಹೋದಾಗ ಅವನಿಗೆ ಬರೀ 22 ವರ್ಷ. ತಾನು ಸತ್ತ ಮೇಲೆ ಡಾಕ್ಟರುಗಳು ದೇಹ ಕೊಯ್ತಾರೆ ಅಂತ ಅವನಿಗೆ ಭಯ ಇತ್ತು, ಅದಕ್ಕೆ ಸಮುದ್ರದಲ್ಲಿ ಮುಳುಗಿಸಿಬಿಡಿ ಅಂತ ಸ್ನೇಹಿತರಿಗೆ ಹೇಳಿದ್ದ. ಜಾನ್ ಹಂಟರ್ ಅನ್ನೋ ದೊಡ್ಡ ಸರ್ಜನ್, ಆ ಮ್ಯೂಸಿಯಂಗೆ ಹೆಸರು ಬಂದದ್ದೇ ಇವನಿಂದ, ದುಡ್ಡು ಕೊಟ್ಟು, ದಾರೀಲೇ ದೇಹ ತೆಗೆಸಿಕೊಂಡ. 500 ಪೌಂಡ್ ಕೊಟ್ಟ ಅಂತ ಹೇಳ್ತಾರೆ, ಶವಪೆಟ್ಟಿಗೇಲಿ ಕಲ್ಲು ತುಂಬಿದ್ರು ಅಂತಾನೂ ಹೇಳ್ತಾರೆ. ಹಂಡೇಲಿ ಕುದಿಸಿ ಮೂಳೆ ಬಿಡಿಸಿ, ಕೆಲವು ವರ್ಷ ಯಾರಿಗೂ ತೋರಿಸದೆ ಇಟ್ಕೊಂಡು ಆಮೇಲೆ ನಿಲ್ಲಿಸಿದ. ಅಲ್ಲಿಂದ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಆ ಅಸ್ಥಿಪಂಜರ ಗಾಜಿನ ಪೆಟ್ಟಿಗೇಲಿ ನಿಂತೇ ಇತ್ತು. ಬೇಡ ಬೇಡ ಅಂತ ಹೇಳಿಯೇ ಸತ್ತವನು.

ಇದನ್ನ ಓದಿ ನಿಮಗೆ ಹಂಟರ್ ಮೇಲೆ ಸಿಟ್ಟು ಬಂದ್ರೆ ಅದು ನ್ಯಾಯವಾದ ಸಿಟ್ಟು. ಆದ್ರೆ ಅವನನ್ನ ಬರೀ ಹೆಣಗಳ್ಳ ಅಂತ ಬದಿಗೆ ಹಾಕೋಕೆ ಆಗಲ್ಲ ಅಕ್ಕಾ. ಮಂಡಿ ಹಿಂದಿನ ರಕ್ತನಾಳ ಉಬ್ಬಿ ಒಡೆಯೋ ಕಾಯಿಲೆಗೆ ಆಗೆಲ್ಲ ಕಾಲನ್ನೇ ಕತ್ತರಿಸ್ತಿದ್ರು, ಇವನು 1785ರಲ್ಲಿ ತೊಡೆಯ ಒಳಗೆ ನಾಳವನ್ನ ಕಟ್ಟಿ ಕಾಲು ಉಳಿಸಿ ತೋರಿಸಿದ, ಆ ಜಾಗಕ್ಕೆ ಇವತ್ತಿಗೂ ಹಂಟರ್ಸ್ ಕೆನಾಲ್ ಅಂತಾರೆ, ನಿಮ್ಮ ಮಗಳು ಇದೇ ವರ್ಷ ಅದನ್ನ ಬಾಯಿಪಾಠ ಮಾಡ್ತಾಳೆ ನೋಡಿ. ಸಿಡುಬಿಗೆ ಲಸಿಕೆ ಕೊಟ್ಟ ಎಡ್ವರ್ಡ್ ಜೆನ್ನರ್ ಇವನ ಶಿಷ್ಯ. ಆ ಲಸಿಕೆ 1802ರಲ್ಲಿ ಬೊಂಬಾಯಿಗೆ ಬಂತು, ಅಲ್ಲಿಂದ ಊರೂರಿಗೆ ಹೋಗಿದ್ದು ಬಾಟ್ಲೀಲಲ್ಲ, ಮಕ್ಕಳ ತೋಳಿಂದ ತೋಳಿಗೆ. ಒಂದು ಮಗೂಗೆ ಚುಚ್ಚಿ, ಗುಳ್ಳೆ ಎದ್ದ ಮೇಲೆ ಅದರ ಕೀವು ತೆಗೆದು ಇನ್ನೊಂದು ಮಗೂಗೆ. ಮೈಸೂರು ಅರಮನೆ ಹೆಣ್ಣುಮಕ್ಕಳ ಒಂದು ಚಿತ್ರ ಇದೆ, ಥಾಮಸ್ ಹಿಕಿ 1805ರ ಸುಮಾರಿಗೆ ಬರೆದದ್ದು, ಅದರಲ್ಲಿ ಒಬ್ಬ ರಾಣಿ ಸೆರಗು ಸರಿಸಿ ತೋಳು ತೋರಿಸ್ತಿರೋದು ಲಸಿಕೆ ಹಾಕಿಸ್ಕೊಂಡ ಜಾಗ ಅಂತ ಒಬ್ಬ ಇತಿಹಾಸಕಾರರ ವಾದ, ಪ್ರಜೆಗಳ ಭಯ ಬಿಡಿಸೋಕೆ ಬರೆಸಿದ್ದಂತೆ. ರಾಣಿಯ ಚಿತ್ರ ನಮಗೆ ಉಳೀತು, ತೋಳಲ್ಲಿ ಲಸಿಕೆ ಹೊತ್ತು ತಂದ ಆ ಮಕ್ಕಳ ನೆನಪು ಯಾರಿಗೂ ಇಲ್ಲ. ವೈದ್ಯಶಾಸ್ತ್ರದ ಇತಿಹಾಸದ ತುಂಬಾ ಹೀಗೆ ಕೇಳದೇ ತಗೊಂಡಿದ್ದು, ಹೆಸರು ಹೇಳದೇ ಬಿಟ್ಟಿದ್ದು ತುಂಬ ಇದೆ.

ಬರ್ನ್ ಮೂಳೆಯಿಂದ ಉಪಯೋಗ ಆಗಿಲ್ಲ ಅಂತಾನೂ ಅಲ್ಲ. 1909ರಲ್ಲಿ ಹಾರ್ವಿ ಕುಶಿಂಗ್ ಅನ್ನೋ ಮಿದುಳು ಸರ್ಜನ್ ತಲೆಬುರುಡೆ ತೆಗೆಸಿ ನೋಡಿದ್ರು, ಮೈ ಬೆಳೆಸೋ ಹಾರ್ಮೋನ್ ಬಿಡೋ ಪಿಟ್ಯುಟರಿ ಗ್ರಂಥಿ ಕೂರೋ ಗುಳಿ ದೊಡ್ಡದಾಗಿತ್ತು. ಅವನು ಅಷ್ಟು ಬೆಳೆದದ್ದಕ್ಕೆ ಅಲ್ಲಿನ ಗಡ್ಡೆ ಕಾರಣ ಅಂತ ಗೊತ್ತಾಯ್ತು. ಆಮೇಲೆ 2011ರಲ್ಲಿ ಅವನ ಎರಡು ಹಲ್ಲಿನಿಂದ ಡಿಎನ್ಎ ತೆಗೆದು ನೋಡಿದಾಗ ಒಂದು ಜೀನಿನ ದೋಷ ಸಿಕ್ತು, ಅದೇ ದೋಷ ಉತ್ತರ ಐರ್ಲೆಂಡಲ್ಲಿ ಇವತ್ತು ಬದುಕಿರೋ ಕೆಲವು ಕುಟುಂಬಗಳಲ್ಲೂ ಇದೆ. ಮೊದಲೇ ಗೊತ್ತಾದ್ರೆ ಆ ಮಕ್ಕಳಿಗೆ ಚಿಕಿತ್ಸೆ ಮಾಡಬಹುದು, ಸಣ್ಣ ವಿಷಯ ಅಲ್ಲ ಇದು. ಹಾಗಾದ್ರೆ ಹಂಟರ್ ಮಾಡಿದ್ದು ಸರಿಯಾಯ್ತಲ್ಲ ಅಂತ ಕೆಲವರು ಹೇಳ್ತಾರೆ. ನಾನು ಒಪ್ಪಲ್ಲ. ಬುರುಡೆ ನೋಡೋಕೆ, ಹಲ್ಲಿಂದ ಡಿಎನ್ಎ ತೆಗೆಯೋಕೆ ಅವನನ್ನ ಇನ್ನೂರು ವರ್ಷ ಶಾಲೆ ಮಕ್ಕಳ ಮುಂದೆ ನಿಲ್ಲಿಸಬೇಕಾಗಿರ್ಲಿಲ್ಲ. ಅಧ್ಯಯನ ಬೇರೆ, ಪ್ರದರ್ಶನ ಬೇರೆ. ಮ್ಯೂಸಿಯಂನವರಿಗೂ ಕೊನೆಗೆ ಇದು ಅನ್ನಿಸ್ತು, ರಿಪೇರಿಗೆ ಅಂತ ಆರು ವರ್ಷ ಮುಚ್ಚಿದ್ದು 2023ರ ಮೇ ತಿಂಗಳಲ್ಲಿ ಬಾಗಿಲು ತೆಗೆದಾಗ ಬರ್ನ್ ಅಲ್ಲಿ ಇರ್ಲಿಲ್ಲ. ಸಂಶೋಧನೆಗೆ ಅಂತ ಒಳಗೆ ಇಟ್ಟಿದಾರೆ, ಸಮುದ್ರಕ್ಕೆ ಇನ್ನೂ ಕಳಿಸಿಲ್ಲ. ಕಳಿಸಬೇಕು ಅನ್ನೋದು ನನ್ನ ಅಭಿಪ್ರಾಯ, ಬೇಕಾದಷ್ಟು ಅಳತೆ, ಫೋಟೋ, ಡಿಎನ್ಎ ಎಲ್ಲಾ ಆಗಿದೆಯಲ್ಲ.

ಇಲ್ಲೀವರೆಗೆ ನಾನೂ ನೀವೂ ಒಂದೇ ಕಡೆ. ಈಗ ಅಮೆರಿಕದ ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಂ ವಿಷಯಕ್ಕೆ ಬರ್ತೀನಿ. ಅಲ್ಲಿ ಒಂದು ಗೋಡೆ ತುಂಬಾ ತಲೆಬುರುಡೆ, 139. ವಿಯೆನ್ನಾದ ಹಿರ್ಟಲ್ ಅನ್ನೋ ಪ್ರೊಫೆಸರ್ ಕೂಡಿಹಾಕಿದ್ದು. ಎಷ್ಟೋ ಬುರುಡೆ ಮೇಲೇನೇ ಹೆಸರು, ವಯಸ್ಸು, ಊರು, ಹೇಗೆ ಸತ್ತ ಅಂತ ಬರೆದಿದೆ, ಅವರಲ್ಲಿ ಸಿಪಾಯಿಗಳಿದಾರೆ, ನೇಣಿಗೆ ಹಾಕಿಸ್ಕೊಂಡವರಿದಾರೆ, ಆತ್ಮಹತ್ಯೆ ಮಾಡ್ಕೊಂಡವರಿದಾರೆ. ಅಂದ್ರೆ ಅತ್ತೆಯವರ ಪ್ರಶ್ನೆಗೆ ಅಲ್ಲಿ ಉತ್ತರ ಇದೆ, ಯಾರದು ಅಂತ ಗೊತ್ತು. ಆದ್ರೂ ಸಮಾಧಾನ ಆಗಲ್ಲ, ಯಾಕಂದ್ರೆ ಹೆಸರು ಬರ್ಕೊಂಡ್ರು, ಒಪ್ಪಿಗೆ ಕೇಳಿದ ಗುರುತಿಲ್ಲ.

ಅದೇ ಮ್ಯೂಸಿಯಂನಲ್ಲೇ ಇನ್ನೂ ಎರಡು ಅಸ್ಥಿಪಂಜರ ಇದೆ. ಮೈಯ ಮಾಂಸ, ಸ್ನಾಯು ಎಲ್ಲಾ ನಿಧಾನವಾಗಿ ಮೂಳೆಯಾಗಿ ಬದಲಾಗೋ ಒಂದು ಕಾಯಿಲೆ ಇದೆ, ತುಂಬಾ ಅಪರೂಪದ್ದು, ಲಕ್ಷಗಟ್ಟಲೆ ಜನರಲ್ಲಿ ಒಬ್ಬರಿಗೆ ಬರೋದು. ಹ್ಯಾರಿ ಈಸ್ಟ್‌ಲಾಕ್ ಅನ್ನೋರಿಗೆ ಅದು ಬಂದು, ಕೊನೆಗೆ ತುಟಿ ಬಿಟ್ಟು ಬೇರೇನೂ ಅಲ್ಲಾಡಿಸೋಕೆ ಆಗ್ತಿರ್ಲಿಲ್ಲ, 1973ರಲ್ಲಿ ನಲವತ್ತು ತುಂಬೋ ಮೊದಲೇ ಹೋದ್ರು. ನನ್ನ ಮೂಳೆ ಇಟ್ಕೊಳ್ಳಿ, ಈ ಕಾಯಿಲೆ ಏನು ಅಂತ ಕಂಡುಹಿಡೀರಿ ಅಂತ ಕೊಟ್ಟು ಹೋದ್ರು. ಅದೇ ಕಾಯಿಲೆಯ ಕ್ಯಾರಲ್ ಓರ್ಜೆಲ್ ಅನ್ನೋ ಹೆಣ್ಣುಮಗಳು ಆ ಅಸ್ಥಿಪಂಜರ ನೋಡಿ, ನನ್ನನ್ನೂ ಹ್ಯಾರಿ ಪಕ್ಕ ನಿಲ್ಲಿಸಿ ಅಂದ್ರು. ಜೊತೆಗೆ ಒಂದು ಷರತ್ತು, ನಾನು ಆಸೆಪಟ್ಟು ಹಾಕ್ಕೊಳ್ತಿದ್ದ ಸರ, ಓಲೆಗಳನ್ನೂ ಇಡಬೇಕು ಅಂತ. 2018ರಲ್ಲಿ ತೀರಿಕೊಂಡ್ರು, ಮರುವರ್ಷ ಹ್ಯಾರಿ ಪಕ್ಕದಲ್ಲಿ ಅವರನ್ನ ನಿಲ್ಲಿಸಿದಾರೆ, ಒಡವೆ ಸಮೇತ. ಅಕ್ಕಾ, ಎಲ್ಲಾ ಮುಚ್ಚಿ ಮಣ್ಣು ಮಾಡಿ ಅಂದ್ರೆ ಈ ಹೆಣ್ಣುಮಗಳಿಗೆ ಏನು ಹೇಳೋಣ? ಬರ್ನ್ ಬೇಡ ಅಂದಿದ್ದನ್ನ ಕೇಳಬೇಕು ಅಂತ ನಾವು ಹಟ ಮಾಡೋದಾದ್ರೆ ಇವರು ಬೇಕು ಅಂದಿದ್ದನ್ನೂ ಕೇಳಬೇಕಲ್ವಾ.

ನಮ್ಮಲ್ಲೇ ನೋಡಿ, ಬೆಂಗಳೂರಿನ ನಿಮ್ಹಾನ್ಸಲ್ಲಿ ಮಿದುಳು ಮ್ಯೂಸಿಯಂ ಇದೆ. ಡಾ. ಎಸ್.ಕೆ. ಶಂಕರ್ ಮತ್ತೆ ಅವರ ನ್ಯೂರೋಪೆಥಾಲಜಿ (ಮಿದುಳು, ನರಗಳ ಕಾಯಿಲೆ ಪರೀಕ್ಷಿಸೋ) ವಿಭಾಗದವರು ಹತ್ತಾರು ವರ್ಷ ಕೂತು ಕಟ್ಟಿದ್ದು. ಸ್ಟ್ರೋಕ್ ಆದ ಮಿದುಳು, ಗಡ್ಡೆ ಬೆಳೆದದ್ದು, ಅಪಘಾತದಲ್ಲಿ ಪೆಟ್ಟು ಬಿದ್ದದ್ದು. ಅಲ್ಲೊಂದು ಮಿದುಳು ನನ್ನ ಎರಡೂ ಅಂಗೈ ಮೇಲೆ ಇಟ್ಟರು. ಹೂಕೋಸಿನ ಹಾಗೆ ಕಾಣೋದು, ಅಂದಾಜು ಒಂದೂಕಾಲು ಕಿಲೋ, ಕೆಡದಂಗೆ ಇಡೋಕೆ ಹಾಕೋ ಫಾರ್ಮಲಿನ್ ವಾಸನೆಗೆ ಕಣ್ಣು ಉರೀತಿತ್ತು, ಆದ್ರೆ ಕೈ ನಡುಗಿದ್ದು ವಾಸನೆಗಲ್ಲ. ಇದರೊಳಗೆ ಯಾರದೋ ಮಕ್ಕಳ ಹೆಸರು, ಯಾವುದೋ ಊರಿನ ದಾರಿ, ಹಾಡು, ಕೋಪ ಎಲ್ಲಾ ಇತ್ತಲ್ಲ ಅಂತ ಅನ್ನಿಸಿ. ಹೆಲ್ಮೆಟ್ ಇಲ್ಲದೆ ಬಂದಿದ್ದ ಒಬ್ಬ ಕಾಲೇಜು ಹುಡುಗ ನನ್ನ ಪಕ್ಕ ನಿಂತು ಪೆಟ್ಟು ಬಿದ್ದ ಮಿದುಳನ್ನ ತುಂಬಾ ಹೊತ್ತು ನೋಡ್ತಾ ಇದ್ದ, ಏನೂ ಮಾತಾಡ್ಲಿಲ್ಲ. ಪುಸ್ತಕದ ಚಿತ್ರ ಇಷ್ಟು ಮಾಡಲ್ಲ. ಮಣಿಪಾಲದಲ್ಲೂ ಅನಾಟಮಿ (ದೇಹರಚನೆ), ಪೆಥಾಲಜಿ (ಕಾಯಿಲೆ ಬಂದ ಅಂಗಗಳ) ಮ್ಯೂಸಿಯಂ ಇದೆ, ಸಾಮಾನ್ಯ ಜನಕ್ಕೂ ಬಿಡ್ತಾರೆ.

ಈಗ ನಿಮ್ಮ ಮನೆಗೆ ಬಂದ ಚೀಲ. ಇದನ್ನ ಬರೆಯೋದು ಕಷ್ಟ, ಆದ್ರೂ ಕೇಳಿದೀರಿ. 1985ರಲ್ಲಿ ಸರ್ಕಾರ ನಿಷೇಧ ಮಾಡೋವರೆಗೂ ಜಗತ್ತಿಗೆಲ್ಲ ಮನುಷ್ಯರ ಅಸ್ಥಿಪಂಜರ ಕಳಿಸ್ತಿದ್ದ ದೊಡ್ಡ ದೇಶ ನಮ್ಮದೇ. ಕಲ್ಕತ್ತಾ ಅದರ ಕೇಂದ್ರ. ಇಂಗ್ಲೆಂಡು, ಅಮೆರಿಕದ ಎಷ್ಟೋ ಮೆಡಿಕಲ್ ಕಾಲೇಜಲ್ಲಿ ನೇತಾಡ್ತಿರೋ ಅಸ್ಥಿಪಂಜರ ನಮ್ಮ ದೇಶದ ಬಡವರದ್ದು, ಸುಡೋಕೆ ಸೌದೆಗೆ ದುಡ್ಡಿಲ್ಲದವರದ್ದು, ಹೂತ ಗುಂಡಿಯಿಂದ ಕದ್ದ ಹೆಣಗಳದ್ದೂ ಇದೆ. ಹೊರಗೆ ಕಳಿಸೋದು ನಿಂತ್ರೂ ಒಳಗೆ ಮೂಳೆ ಸೀನಿಯರಿಂದ ಜೂನಿಯರಿಗೆ ಕೈ ಬದಲಾಯಿಸ್ತಾನೇ ಇದೆ. ನಿಮ್ಮ ಮಗಳ ಚೀಲದಲ್ಲಿರೋದು ಯಾರದು ಅಂತ ನಾನಂತೂ ಹೇಳೋಕಾಗಲ್ಲ, ಕೊಟ್ಟ ಸೀನಿಯರ್‌ಗೂ ಗೊತ್ತಿರಲ್ಲ. ಆದ್ರೆ ಸಾಮಾನ್ಯವಾಗಿ ಅದು ಯಾವ ಥರದ ಜನರದ್ದು ಅಂತ ಮಾತ್ರ ಇತಿಹಾಸ ಹೇಳತ್ತೆ. 1828ರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ ಬರ್ಕ್, ಹೇರ್ ಅಂತ ಇಬ್ಬರು 16 ಜನರನ್ನ ಕೊಂದು ಹೆಣಗಳನ್ನ ಒಬ್ಬ ಅನಾಟಮಿ ಮೇಷ್ಟ್ರಿಗೆ ಮಾರಿದ್ರು, ಗದ್ದಲ ಆಗಿ 1832ರಲ್ಲಿ ಬ್ರಿಟನ್ನಲ್ಲಿ ಕಾನೂನು ಬಂತು. ಆ ಕಾನೂನು ಏನು ಮಾಡ್ತು? ಅನಾಥಾಲಯದಂಥ ಬಡವರ ಮನೆಗಳಲ್ಲಿ ಸತ್ತು, ಯಾರೂ ಕೇಳಿಕೊಂಡು ಬರದವರ ಹೆಣ ಡಾಕ್ಟರಿಗೆ ಕೊಡಬಹುದು ಅಂತು. ಕೊಲೆ ನಿಲ್ತು, ಸರಿ, ಭಾರ ಹೊತ್ತಿದ್ದು ಮತ್ತೆ ಬಡವರೇ. ನಮ್ಮ 1957ರ ಕರ್ನಾಟಕ ಅನಾಟಮಿ ಕಾಯ್ದೆ ಬಂದದ್ದೂ ವಾರಸುದಾರರಿಲ್ಲದ ಶವಗಳ ವಿಷಯಕ್ಕೇನೇ.

ಇದು ಬದಲಾಗೋದು ತಾವಾಗೇ ಒಪ್ಪಿ ದೇಹ ಕೊಡೋರಿಂದ ಮಾತ್ರ. ಬೈಲಹೊಂಗಲದ ಡಾ. ರಾಮಣ್ಣವರ ಅವರ ವಿಷಯ ನಿಮಗೆ ಗೊತ್ತಿರಬಹುದು, ಪೇಪರಲ್ಲೆಲ್ಲ ಬಂದಿತ್ತು. ತಾನು ಸತ್ತ ಮೇಲೆ ದೇಹ ಕಾಲೇಜಿಗೆ ಕೊಡಿ, ನೀನೇ ಕೊಯ್ದು ಮಕ್ಕಳಿಗೆ ಪಾಠ ಮಾಡು ಅಂತ ಮಗನಿಗೆ ಹೇಳಿದ್ರು. ಮಗ ಮಹಾಂತೇಶ ಅನಾಟಮಿ ಮೇಷ್ಟ್ರು. 2010ರ ನವೆಂಬರಲ್ಲಿ, ತಂದೆ ತೀರಿಕೊಂಡ ಎರಡು ವರ್ಷಕ್ಕೆ, ಬೆಳಗಾವಿಯ ಆಯುರ್ವೇದ ಕಾಲೇಜಲ್ಲಿ ವಿದ್ಯಾರ್ಥಿಗಳ ಮುಂದೆ ತಂದೆಯ ದೇಹವನ್ನೇ ಡಿಸೆಕ್ಷನ್ ಮಾಡಿ ಪಾಠ ಹೇಳಿದ್ರು. ಎಷ್ಟು ಜನಕ್ಕೆ ಇದು ಆಗತ್ತೆ ಅಂತ ನಾನು ಕೇಳಲ್ಲ, ನನ್ನಿಂದ ಆಗಲ್ಲ. ಆದ್ರೆ ಆ ಕ್ಲಾಸಲ್ಲಿ ಇದ್ದ ಯಾವ ಹುಡುಗನಿಗೂ ಇದು ಯಾರದು ಅಂತ ಕೇಳೋ ಅಗತ್ಯ ಇರ್ಲಿಲ್ಲ.

ಚೀಲದ ವಿಷಯಕ್ಕೆ ನಾನು ಹೇಳೋದು ಇಷ್ಟು. ಮಗಳು ಓದಲಿ, ಅದನ್ನ ಮುಟ್ಟಿ ನೋಡಿ ಕಲಿತದ್ದು ಮುಂದೆ ಯಾರದೋ ಮುರಿದ ಕೈ ಕೂಡಿಸೋಕೆ ಬೇಕಾಗತ್ತೆ. ಪ್ಲಾಸ್ಟಿಕ್ ಚೀಲ ಬೇಡ, ಒಗೆದ ಹತ್ತಿ ಬಟ್ಟೇಲಿ ಸುತ್ತಿ ಇಡೋಕೆ ಹೇಳಿ, ಮಂಚದ ಕೆಳಗೆ ತಳ್ಳೋದು, ಬುರುಡೆ ಜೊತೆ ಫೋಟೋ ತೆಗೆಯೋದು ಮಾಡದಿರಲಿ. ವರ್ಷ ಮುಗಿದ ಮೇಲೆ ಜೂನಿಯರಿಗೆ ಮಾರಬೇಡಿ ಅಕ್ಕಾ, ಕೊಟ್ಟ ದುಡ್ಡು ಹೋದ್ರೆ ಹೋಗ್ಲಿ, ಕಾಲೇಜಿನ ಅನಾಟಮಿ ವಿಭಾಗಕ್ಕೆ ಹೋಗಿ ಒಪ್ಪಿಸಿ ಬರಲಿ, ಇದನ್ನ ಕೊನೆಗೆ ಏನು ಮಾಡ್ತೀರಿ ಅಂತ ಅಲ್ಲಿ ಕೇಳಲಿ. ಅತ್ತೆಯವರು ಮನೇಲಿ ಒಂದು ದೀಪ ಹಚ್ಚಿಡ್ತೀನಿ ಅಂದ್ರೆ ಬೇಡ ಅನ್ನಬೇಡಿ. ಮುಂದಿನ ಸಂಚಿಕೇಲಿ ಆ ಲೇಖನಕ್ಕೆ ಸೇರಬೇಕಿದ್ದ ಬರ್ನ್ ಕಥೆನ ಪೂರ್ತಿಯಾಗಿ, ಅವನ ಹೆಸರನ್ನೇ ತಲೆಬರಹ ಮಾಡಿ ಹಾಕ್ತಿದೀವಿ.