ವಿಜ್ಞಾನದ ಕನೆಕ್ಟ್ ಪ್ರಶ್ನೆಗಳನ್ನು ಬಿಡಿಸುವುದು ಹೇಗೆ? ಬಾಯಿಪಾಠ ಮಾಡಿದರೆ ಸಾಕಾ?

ಮಗಳು ಚೆನ್ನಾಗಿ ಓದುತ್ತಾಳೆ, ಆದರೆ ಕ್ವಿಜ್‌ನಲ್ಲಿ ಕನೆಕ್ಟ್ ರೌಂಡ್ (ಬೇರೆ ಬೇರೆ ಸುಳಿವುಗಳನ್ನೆಲ್ಲ ಜೋಡಿಸುವ ಒಂದೇ ಉತ್ತರ ಹುಡುಕುವ ಸುತ್ತು) ಬಂದರೆ ತಡವರಿಸುತ್ತಾಳೆ ಅಂತ ಬರೆದಿದ್ದೀರಿ. ಬಾಯಿಪಾಠ ಸಾಲದು ಮೇಡಂ. ಶಾಲೆ ಮಕ್ಕಳಿಗೆ ಇಂಥ ಪ್ರಶ್ನೆ ಮಾಡಿಕೊಡುವುದು ನನಗೆ ಬಹಳ ಇಷ್ಟದ ಕೆಲಸ. ಅದರಲ್ಲಿ ಒಂದನ್ನು ಇಲ್ಲೇ ಬಿಡಿಸೋಣ.

ಸುಳಿವು ನಾಲ್ಕು: ಕೋಲಾರದ ಚಿನ್ನದ ಗಣಿ, ಡ್ರೈ ಕ್ಲೀನಿಂಗ್ ದ್ರವ, ದಕ್ಷಿಣ ಧ್ರುವದ ಮಂಜುಗಡ್ಡೆ, ಬಾಳೆಹಣ್ಣು.

ಮಕ್ಕಳು ಸಾಮಾನ್ಯವಾಗಿ ಚಿನ್ನದ ಬೆನ್ನು ಹತ್ತುತ್ತಾರೆ. ಲೋಹ, ಆಭರಣ ಅಂತ ಹೋಗಿ ಬಾಳೆಹಣ್ಣಿನ ಹತ್ತಿರ ನಿಂತುಬಿಡುತ್ತಾರೆ. ಅಲ್ಲಿ ಪ್ರಶ್ನೆಯನ್ನೇ ಬದಲಾಯಿಸಬೇಕು. ಗಣಿಯಲ್ಲಿ ಚಿನ್ನ ಬಿಟ್ಟರೆ ಇನ್ನೇನಿದೆ? ಆಳ ಇದೆ, ಅಲ್ವಾ? ತಲೆ ಮೇಲೆ ಎರಡು ಕಿಲೋಮೀಟರಿಗೂ ಜಾಸ್ತಿ ಬಂಡೆ. ಆಕಾಶದಿಂದ ಸುರಿಯುವ ಕಾಸ್ಮಿಕ್ ಕಿರಣಗಳನ್ನು ಆ ಬಂಡೆ ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಅಷ್ಟು ಬಂಡೆಯನ್ನೂ ದಾಟಿ ಸಲೀಸಾಗಿ ಬರುವುದು ನ್ಯೂಟ್ರಿನೊ, ಯಾವುದಕ್ಕೂ ಸುಲಭವಾಗಿ ತಾಗದ ಅತಿ ಸಣ್ಣ ಕಣ. ಅದೇ ನಮ್ಮ ಉತ್ತರ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು 1965ರಲ್ಲಿ ನಮ್ಮ ಕೆಜಿಎಫ್‌ನಲ್ಲೇ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಸಿಕ್ಕಿತು. ನಮ್ಮ ಮಕ್ಕಳಿಗೆ ಕೆಜಿಎಫ್ ಅಂದರೆ ಇದೂ ನೆನಪಾಗಬೇಕು ಅನ್ನುವುದು ನನ್ನ ಆಸೆ.

ಈಗ ಡ್ರೈ ಕ್ಲೀನಿಂಗ್ ದ್ರವ. ಅದರಲ್ಲಿ ಕ್ಲೋರಿನ್ ಇದೆ. ಸೂರ್ಯನಿಂದ ಬಂದ ನ್ಯೂಟ್ರಿನೊ ಬಡಿದರೆ ಎಲ್ಲೋ ಒಂದು ಕ್ಲೋರಿನ್ ಪರಮಾಣು ಆರ್ಗಾನ್ ಆಗುತ್ತದೆ. ವಿಜ್ಞಾನಿ ರೇ ಡೇವಿಸ್ ಅಮೆರಿಕದ ಹೋಮ್‌ಸ್ಟೇಕ್ ಚಿನ್ನದ ಗಣಿಯೊಳಗೆ ಸುಮಾರು 600 ಟನ್ ದ್ರವದ ತೊಟ್ಟಿ ಇಟ್ಟು, ಅದರಿಂದ ಬೆರಳೆಣಿಕೆಯಷ್ಟು ಆರ್ಗಾನ್ ಪರಮಾಣುಗಳನ್ನು ಹೆಕ್ಕಿ ತೆಗೆದರು. 2002ರಲ್ಲಿ ಅವರಿಗೆ ನೊಬೆಲ್ ಬಂತು. ದಕ್ಷಿಣ ಧ್ರುವದಲ್ಲಿ ಐಸ್‌ಕ್ಯೂಬ್ ಅನ್ನುವ ಪ್ರಯೋಗಕ್ಕೆ ನ್ಯೂಟ್ರಿನೊ ಪತ್ತೆ ಮಾಡಲು ಒಂದು ಘನ ಕಿಲೋಮೀಟರ್ ಮಂಜುಗಡ್ಡೆಯೇ ಉಪಕರಣ. ಬಾಳೆಹಣ್ಣಿನಲ್ಲಿರುವ ಪೊಟ್ಯಾಸಿಯಂನ ಸ್ವಲ್ಪ ಭಾಗ ವಿಕಿರಣಶೀಲ. ಅದರಿಂದ ಆ್ಯಂಟಿನ್ಯೂಟ್ರಿನೊ, ಅಂದರೆ ನ್ಯೂಟ್ರಿನೊದ ಪ್ರತಿಕಣ, ಹೊರಬೀಳುತ್ತಲೇ ಇರುತ್ತದೆ.

ಗಮನಿಸಿ, ಉತ್ತರ ಸಿಕ್ಕಿದ ಮೇಲೆ ಪ್ರತಿ ಸುಳಿವಿಗೂ ಒಂದು "ಯಾಕೆ" ಸಿಕ್ಕಿತು. "ಗಣಿ" ಅಂತ ಹೇಳಿದ್ದರೆ ಬಾಳೆಹಣ್ಣು ಹೊರಗೇ ಉಳಿಯುತ್ತಿತ್ತು. ಒಂದು ಸುಳಿವು ಹೊರಗುಳಿದರೂ ಆ ಉತ್ತರ ಬಿಟ್ಟುಬಿಡಿ ಅಂತ ಮಗಳಿಗೆ ಹೇಳಿ. ರಾಮನ್, ಕ್ಯೂರಿ, ಐನ್‌ಸ್ಟೈನ್ ಹೆಸರು ಕೊಟ್ಟು "ನೊಬೆಲ್" ಅನ್ನುವ ಪ್ರಶ್ನೆಗಳನ್ನು ಅವಳಿಗೆ ಜಾಸ್ತಿ ಕೊಡಬೇಡಿ. ಅಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ.

ಅದಕ್ಕಿಂತ ಅವಳ ಕೈಯಲ್ಲೇ ಪ್ರಶ್ನೆ ಮಾಡಿಸಿ. ಉತ್ತರ ಹೀಲಿಯಂ ಅಂತ ಇಟ್ಟುಕೊಳ್ಳಿ. ಎಂಆರ್‌ಐ ಮೆಷಿನ್ ಒಂದು ಸುಳಿವು, ಯಾಕೆಂದರೆ ಅದರ ಮ್ಯಾಗ್ನೆಟ್ ತಣ್ಣಗಿಡಲು ದ್ರವ ಹೀಲಿಯಂ ಬೇಕು. ಗುಂಟೂರು ಇನ್ನೊಂದು. 1868ರ ಸೂರ್ಯಗ್ರಹಣ ನೋಡಲು ಫ್ರಾನ್ಸಿನ ಖಗೋಳಶಾಸ್ತ್ರಜ್ಞ ಜಾನ್ಸೆನ್ ಅಲ್ಲಿಗೆ ಬಂದಿದ್ದರು. ಹೀಲಿಯಂ ಮೊದಲು ಪತ್ತೆಯಾದದ್ದು ಭೂಮಿಯ ಮೇಲಲ್ಲ, ಆ ವರ್ಷ ಸೂರ್ಯನ ಬೆಳಕಿನಲ್ಲಿ. ಮೂರನೇ ಸುಳಿವನ್ನು ಅವಳೇ ಹುಡುಕಲಿ, ಆದರೆ ಬಲೂನ್ ಮಾತ್ರ ಬೇಡ ಅನ್ನಿ.